ಮ್ಯಾಟಿನಿ ಆಟದಲ್ಲಿ ತೀರಿಕೊಂಡಾಕೆ

ಸುಳ್ಳು ಹೇಳಲಿಕ್ಕೂ ಒಂದು ಯೋಗ್ಯತೆ ಬೇಕು. ಸೇಡಂನ ಕಾಶಪ್ಪನಿಗೆ ಅದು ಹುಟ್ಟಿನಿಂದಲೇ ಇರಲಿಲ್ಲ. ಊರ ಹೊರಗಿನ ಕಾಟಾದಲ್ಲಿ ಕೂತು, ಪರಸಿ ಕಲ್ಲು ಹೇರಿಕೊಂಡು ಬಂದ ಲಾರಿಗಳ ತೂಕ ನೋಡಿ ಚೀಟಿ ಹರಿದುಕೊಡುವುದು ಅವನ ಕೆಲಸ. ಇದ್ದದ್ದನ್ನು ಇದ್ದಷ್ಟೇ ಹೇಳಿ ಹೇಳಿ ಅವನ ನಾಲಿಗೆ ಹಾಗೇ ಪಳಗಿಬಿಟ್ಟಿತ್ತು. ಇಂಥವನು ಒಂದೇ ವಾರದಲ್ಲಿ ಎರಡು ಸುಳ್ಳು ಹೇಳಿದ ಎಂದರೆ ಏನಾಗಬೇಕೋ ಅದೇ ಆಯಿತು.

ಮೊದಲನೆಯದನ್ನು ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಹೇಳಿದ. ಎದುರಿನ ಟಾಕೀಸಿನ ಗೋಡೆಗೆ ಹೊಸ ಪೋಸ್ಟರ್ ಅಂಟಿಸಿದ್ದರು. ಹೂ ಬಿಟ್ಟ ತೊಗರಿ ಹೊಲ, ನಡುವೆ ಬೆನ್ನು ತಿರುಗಿಸಿ ನಿಂತ ಒಬ್ಬ ಹೆಂಗಸು, ಮೇಲೆ ಮುಗಿಲು. ಕಾಟಾದಲ್ಲಿ ಅವನ ಜೊತೆಗೇ ಕೆಲಸ ಮಾಡುವ ಜಗದೇವಪ್ಪ ಅದನ್ನು ನೋಡಿ ಮೂಗು ಮುರಿದ.

"ಹೀರೋ ಇಲ್ಲ, ಫೈಟಿಲ್ಲ. ಹೆಣ್ಣುಮಗಳು ಮಾರಿ ಸೈತ ತೋರಸವಲ್ಲಳು. ಅವಾರ್ಡ್ ಪಿಕ್ಚರ್ ಅದು. ರೊಕ್ಕ ಕೊಟ್ಟು ಯಾವನು ನೋಡತಾನ."

"ನಂಗ ಅಂಥಾವೇ ಸೇರತಾವ," ಎಂದುಬಿಟ್ಟ ಕಾಶಪ್ಪ.

ಯಾಕೆ ಹಾಗೆಂದನೋ ದೇವರೇ ಬಲ್ಲ. ಜೀವಮಾನದಲ್ಲಿ ಅವನು ನೋಡಿದ್ದೆಲ್ಲ ಹೊಡೆದಾಟದ ಚಿತ್ರಗಳೇ. ಆದರೆ ಆ ಮಾತು ಬಾಯಿಂದ ಬಿದ್ದದ್ದೇ ತಡ, ಅಂಗಡಿಯವರೆಲ್ಲ ಚಹಾದ ಬಸಿ ಕೆಳಗಿಟ್ಟು ಅವನನ್ನು ನೋಡಿದರು. ಅಷ್ಟು ಜನ ಒಟ್ಟಿಗೆ ತನ್ನ ಕಡೆ ನೋಡಿದ್ದು ಅವನ ಮದುವೆಯ ನಂತರ ಅದೇ ಮೊದಲು.

"ಹಂಗಾರ ಐತವಾರ ನೋಡಿ ಬಾ. ನಮಗೂ ಒಂದೀಟು ತಿಳಿಸಿ ಹೇಳು," ಎಂದ ಜಗದೇವಪ್ಪ. ಇನ್ನು ಹಿಂದೆ ಸರಿಯುವಂತಿರಲಿಲ್ಲ.

ಎರಡನೆಯ ಸುಳ್ಳು ಹೆಂಡತಿ ಮರೆಮ್ಮನಿಗೆ. ಅವಳನ್ನು ಬಿಟ್ಟು ಒಬ್ಬನೇ ಸಿನೆಮಾಕ್ಕೆ ಹೋಗುವುದು ಆ ಮನೆಯಲ್ಲಿ ಮಾಫಿಯಿಲ್ಲದ ಗುನ್ಹೆ. ಆದ್ದರಿಂದ ಕಾಟಾದಲ್ಲಿ ಕೆಲಸವಿದೆ ಎಂದು ಹೇಳಿ ಐತವಾರ ಮಧ್ಯಾಹ್ನ ಹೊರಬಿದ್ದ.

ಇಲ್ಲಿ ಅವನ ಅಕ್ಕನ ಸಂಗತಿ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ತಾಯಿಯಿಲ್ಲದ ಮನೆಯಲ್ಲಿ ಕಾಶಪ್ಪನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವಳು ಅಕ್ಕ ಸಾಬಮ್ಮ. ಆಡಕಿಗೆ ಮದುವೆಯಾಗಿ ಹೋಗಿದ್ದಳು. ಆಡಕಿ ಏನು ಏಳು ಸಮುದ್ರದಾಚೆ ಇಲ್ಲ, ಬಸ್ಸಿನಲ್ಲಿ ಕೂತು ಒಂದು ತೂಕಡಿಕೆ ತೆಗೆಯುವುದರೊಳಗೆ ಬರುತ್ತದೆ. ಆದರೂ ಅಕ್ಕ ತಮ್ಮ ಮುಖ ನೋಡಿ ಎಂಟು ವರ್ಷವಾಗಿತ್ತು. ಕಾರಣ ಒಂದು ಸೀರೆ. ಈ ಸೀಮೆಯಲ್ಲಿ ಉಡುಗೊರೆಯಾಗಿ ಬರುವ ಆಯೇರಿಯ ಸೀರೆಗಳು ಇರುವುದು ಉಡಲಿಕ್ಕಲ್ಲ, ತಿರುಗಲಿಕ್ಕೆ. ಈ ಮದುವೆಯಲ್ಲಿ ಬಂದದ್ದು ಆ ಮದುವೆಗೆ, ಅಲ್ಲಿಂದ ಯಾರೋ ಬಸುರಿಯ ಕುಬಸಕ್ಕೆ, ಹೀಗೆ ಮಡಿಕೆ ಬಿಚ್ಚದೆ ಟ್ರಂಕಿನಿಂದ ಟ್ರಂಕಿಗೆ ಸಾಗುತ್ತಲೇ ಇರುತ್ತವೆ. ಯಾರೂ ತಪ್ಪು ತಿಳಿಯುವುದಿಲ್ಲ. ಕಟ್ಟಳೆ ಒಂದೇ, ಕೊಟ್ಟವರ ಕೈಗೇ ಅದು ತಿರುಗಿ ಹೋಗಬಾರದು. ಕಾಶಪ್ಪನ ಹೊಸ ಮನೆ ಶಾಂತಿಯ ದಿನ ಮರೆಮ್ಮ ಸಾಬಮ್ಮನಿಗೆ ಉಡಿ ತುಂಬಿ ಕೊಟ್ಟ ಸೀರೆ, ಹಿಂದೊಮ್ಮೆ ಸಾಬಮ್ಮನೇ ಅವಳಿಗೆ ಕೊಟ್ಟದ್ದಾಗಿತ್ತು. ಸೆರಗಿನ ತುದಿಯ ಅರಿಶಿನದ ಕಲೆ ಕೂಡ ಹಾಗೇ ಇತ್ತು. ಸಾಬಮ್ಮ ಏನೂ ಅನ್ನಲಿಲ್ಲ. ಸೀರೆಯನ್ನು ಹೊರಸಿನ ಮೇಲಿಟ್ಟು ಬಸ್ಸು ಹತ್ತಿದಳು. ನಡುವೆ ನಿಂತಿದ್ದ ಕಾಶಪ್ಪನೂ ಏನೂ ಅನ್ನಲಿಲ್ಲ.

ಅಂದಿನಿಂದ ಮರೆಮ್ಮನ ಬಾಯಲ್ಲಿ ಸಾಬಮ್ಮನ ಹೆಸರು ಬಂದರೆ ಹಿಂದೆ ಒಂದು ಬೈಗುಳ ಇದ್ದೇ ಇರುತ್ತಿತ್ತು. ಗಂಡನ ಫೋನಿನಲ್ಲಿದ್ದ ಅಕ್ಕನ ನಂಬರನ್ನೂ ಅವಳು ಅಳಿಸಿ ಹಾಕಿದ್ದಳು. ಹೆಂಡತಿಯ ಬಾಯಿಂದ ಅಕ್ಕನ ಬಗ್ಗೆ ಒಂದು ಒಳ್ಳೆಯ ಮಾತು ಕೇಳಬೇಕು, ಅಕ್ಕ ಒಮ್ಮೆ ತನ್ನ ಹೊಸ್ತಿಲು ತುಳಿಯಬೇಕು, ಕಾಶಪ್ಪನಿಗೆ ಈ ಲೋಕದಲ್ಲಿ ಬೇಕಾಗಿದ್ದದ್ದು ಇಷ್ಟೇ. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ.

ಟಾಕೀಸಿನಲ್ಲಿ ಬೆರಳೆಣಿಕೆಯ ಜನ. ಫೋನ್ ಬಂದ್ ಮಾಡಿರೆಂದು ಪರದೆಯ ಮೇಲೆ ಬಂತು. ಇಡೀ ಸೇಡಂ ತಾಲೂಕಿನಲ್ಲಿ ಆ ಮಾತನ್ನು ಪಾಲಿಸಿದವನು ಕಾಶಪ್ಪನೊಬ್ಬನೇ ಇರಬೇಕು. ಮೊದಲು ಬಹಳ ಹೊತ್ತು ಏನೂ ಆಗಲಿಲ್ಲ. ಮುಗಿಲು ಬಂತು, ಹೋಯಿತು. ಒಂದು ಎಮ್ಮೆ ಹಳ್ಳ ದಾಟಿತು. ಅವನಿಗೆ ಕೊಟ್ಟ ರೊಕ್ಕ ನೆನಪಾಗಿ ಸಿಟ್ಟು ಬರತೊಡಗಿತು. ಅಷ್ಟರಲ್ಲಿ ಹೊಲದಲ್ಲಿ ನಿಂತಿದ್ದ ಆ ಹೆಂಗಸು ತಿರುಗಿ ನೋಡಿದಳು. ಅಲ್ಲಿಂದಾಚೆಗೆ ಕಾಶಪ್ಪ ಕುರ್ಚಿಯಲ್ಲಿ ಇದ್ದನೋ ಇಲ್ಲವೋ ಅವನಿಗೇ ಗೊತ್ತಿಲ್ಲ. ದಿನಾ ಕಾಟಾಕ್ಕೆ ಹೋಗುವಾಗ ಕಾಣುವ ಎರೆ ಹೊಲ ಇಷ್ಟು ಚಂದವೇ, ಒಲೆಯ ಹೊಗೆ ಇಷ್ಟು ಚಂದವೇ ಎಂದು ಬಾಯಿ ತೆರೆದು ಕೂತ. ಕೊನೆಗೆ ಆ ಹೆಂಗಸು ಸತ್ತಾಗ ಅವನು ಎಷ್ಟು ಜೋರಾಗಿ ಅತ್ತನೆಂದರೆ ಗೇಟಿನವನು ಬಂದು ನೀರು ಕೊಟ್ಟ.

ಮನೆಗೆ ಬಂದವನು ಪಡಸಾಲೆಯ ಕಂಬಕ್ಕೆ ಒರಗಿ ಕೂತ. ಕಣ್ಣು ಕೆಂಡ. ರೊಟ್ಟಿ ಬಡಿಯುತ್ತಿದ್ದ ಮರೆಮ್ಮ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

"ಏನಾತ್ರಿ?"

"ಹೋದಳು." ಅವನು ಅಂಗಿಯ ತೋಳಿನಿಂದ ಮೂಗೊರೆಸಿಕೊಂಡ. "ಅಂಥಾ ಹೆಣ್ಣುಮಗಳು ಮತ್ತ ಹುಟ್ಟಾಂಗಿಲ್ಲ. ತಮ್ಮನ್ನ ತಾಯಾಗಿ ಸಾಕಿದಳು. ಕಡೀಗಿ ಒಬ್ಬಾಕೇ ಹೋದಳು."

ಮರೆಮ್ಮನ ಮುಖ ಇಳಿಯಿತು. "ನೀವು ಇವತ್ತ ಕಾಟಾಕ್ಕ ಹೋಗಿದ್ದಿಲ್ಲ, ಹೌದಿಲ್ಲೋ?"

ಸಿಕ್ಕಿಬಿದ್ದೆ ಎಂದುಕೊಂಡು ಕಾಶಪ್ಪ ತಲೆ ತಗ್ಗಿಸಿದ. "ಹೌದು. ನಿನಗ ಹೇಳದ ಹೋಗಿದ್ದೆ."

"ಜೀವ ಹೋಗೂ ಮುಂದ ಅಲ್ಲೇ ಇದ್ರೇನು?"

"ಎದುರಿಗೇ ಕುಂತಿದ್ದೆ. ಏನ್ ಚಂದ ಹೋದಳಂತಿ. ಕಿಡಕಿಯಿಂದ ಸಂಜಿ ಬಿಸಲು ಬಂದು ಮಾರಿ ಮ್ಯಾಲ ಬಿದ್ದಿತ್ತು. ಬಾಯಿಂದ ಒಂದು ಮಾತಿಲ್ಲ. ಬರೇ ಕಣ್ಣಿನಾಗೇ ಎಲ್ಲಾ ಹೇಳಿದಳು."

ಇನ್ನು ಆ ಬಿಸಿಲಿನ ಬಣ್ಣವನ್ನು ವರ್ಣಿಸಬೇಕು ಎನ್ನುವಷ್ಟರಲ್ಲಿ ಮರೆಮ್ಮ ಹಿಟ್ಟಿನ ಕೈಯಿಂದ ಹಣೆ ಬಡಿದುಕೊಂಡು ನೆಲಕ್ಕೆ ಕುಸಿದಳು. "ಯಕ್ಕಾ, ನನ್ನ ಬಂಗಾರದಂಥ ಯಕ್ಕಾ," ಎಂದು ಎತ್ತಿದ ದನಿ ಕಾಗಿಣಾ ಹೊಳೆಯ ದಂಡೆಯವರೆಗೂ ಕೇಳಿಸಿತು.

ಆ ಕಡೆಯ ಹೆಂಗಸರು ಸುಮ್ಮನೆ ಅಳುವವರಲ್ಲ. ಹಾಡಿ ಅಳುತ್ತಾರೆ. ಸತ್ತವರ ಗುಣವನ್ನು ಒಂದೊಂದಾಗಿ ಎತ್ತಿ ರಾಗಕ್ಕೆ ಹಾಕುತ್ತಾರೆ. ಮರೆಮ್ಮ ಹಾಡಿದಳು, "ನೀ ಕಾಲಿಟ್ಟರ ಮನ್ಯಾಗ ಹಾಲು ಉಕ್ಕತಿತ್ತಲ್ಲ ಯಕ್ಕಾ. ನನ್ನ ಬಾಣಂತನ ಮಾಡಿದಾಕಿ ನೀನಲ್ಲೇನು ಯಕ್ಕಾ. ಆ ಸೀರಿ ನಾ ಬೇಕಂತ ಕೊಟ್ಟಿದ್ದಿಲ್ಲ, ಗಡಿಬಿಡಿಯಾಗ ಕೈಗಿ ಅದೇ ಸಿಕ್ಕಿತ್ತಲ್ಲ ಯಕ್ಕಾ."

ಕಾಶಪ್ಪನಿಗೆ ಮೊದಲು ತಿಳಿಯಲಿಲ್ಲ. ಅವಳು ಅಳುತ್ತಿರುವುದು ಸಾಬಮ್ಮನಿಗಾಗಿ ಎಂದು ತಿಳಿದಾಗ ಕಂಬ ಬಿಟ್ಟು ಎದ್ದ. ಹೇಳಿಬಿಡಬೇಕೆಂದು ಬಾಯಿ ತೆರೆದ. ಆದರೆ ಎಂಟು ವರ್ಷದಿಂದ ಯಾವ ಮಾತಿಗಾಗಿ ಕಿವಿ ಒಣಗಿತ್ತೋ ಅದು ಈಗ ರಾಗವಾಗಿ ಹರಿದು ಬರುತ್ತಿತ್ತು. ಇನ್ನೊಂದು ಸಾಲು ಕೇಳಿ ಹೇಳಿದರಾಯಿತು ಎಂದುಕೊಂಡ. ಆ ಒಂದು ಸಾಲಿಗೆ ಆಸೆಪಟ್ಟು ಕೆಟ್ಟ.

ಯಾಕೆಂದರೆ ಅಷ್ಟರಲ್ಲಿ ಪಕ್ಕದ ಮನೆಯ ಸುಗರಾಬಿ ಒಳಗೆ ಬಂದು ಗ್ಯಾಸು ಬಂದ್ ಮಾಡಿದ್ದಳು. ಸಾವಿನ ಮನೆಯಲ್ಲಿ ಒಲೆ ಹೊತ್ತಬಾರದು, ಓಣಿಯವರೇ ಬುತ್ತಿ ತರಬೇಕು. "ರೊಟ್ಟಿ ಝುಣಕಾ ನಾ ತರತೀನವ್ವ, ನೀ ಏಳಬ್ಯಾಡ," ಎಂದಳು. ಹಿಂದೆಯೇ ಅಂಬರಾಯ ಬಂದ. ಆ ಓಣಿಯ ಸಾವುಗಳ ಕಾರಭಾರಿ ಅವನು. ಮದುವೆಗೆ ಕರೆದರೂ ಬಾರದವನು, ಸಾವಿಗೆ ಕರೆಯುವ ಮೊದಲೇ ಟವೆಲು ಹೆಗಲಿಗೆ ಹಾಕಿಕೊಂಡು ಹಾಜರಾಗುತ್ತಾನೆ.

"ಮಣ್ಣು ಯಾವಾಗ?" ಎಂದು ಕೇಳಿದ.

"ಮಣ್ಣಿಲ್ಲ ಏನಿಲ್ಲ. ಅಂಬರಾಯ, ನನ್ನ ಮಾತು ಕೇಳು. ಯಾರೂ ಸತ್ತಿಲ್ಲ. ಅಕ್ಕ ಚೊಲೋ ಇದ್ದಾಳ."

ಅಂಬರಾಯ ಅವನ ಹೆಗಲ ಮೇಲೆ ಕೈಯಿಟ್ಟು, ಪಡಸಾಲೆ ತುಂಬ ಸೇರಿದ್ದ ಜನರ ಕಡೆ ತಿರುಗಿದ. "ಭಾಳ ಹಚಗೊಂಡಾನ. ಮನಸು ಒಪ್ಪವಲ್ದು."

ಸುಗರಾಬಿ ಉಳ್ಳಾಗಡ್ಡಿ ಜಜ್ಜಿ ತಂದು ಮೂಗಿಗೆ ಹಿಡಿದಳು. ಕಾಶಪ್ಪನ ಕಣ್ಣಲ್ಲಿ ಮತ್ತೆ ನೀರು ಬಂತು. ಅದನ್ನು ನೋಡಿ ಹೆಂಗಸರೂ ಅತ್ತರು.

"ಖರೇ ಹೇಳ್ಲಿಕತ್ತೀನಿ. ಅದು ಸಿನೆಮಾ."

"ಸಿನೆಮಾನೇ ನೋಡಪ್ಪ," ಎಂದ ಅಂಬರಾಯ ನಿಟ್ಟುಸಿರು ಬಿಟ್ಟು. "ಈ ಜನ್ಮ ಅಂಬೂದೇ ಒಂದು ಸಿನೆಮಾ. ಆಟ ಮುಗದ ಮ್ಯಾಲ ಯಾರಾದರೂ ಏಳಬೇಕಾದ್ದೇ."

ಎಲ್ಲರೂ ತಲೆಯಾಡಿಸಿದರು. ಸತ್ಯ ಹೇಳಿಯೂ ಇಷ್ಟು ಚೆನ್ನಾಗಿ ಸೋತವನು ಆ ತಾಲೂಕಿನಲ್ಲಿ ಇನ್ನೊಬ್ಬನಿರಲಿಕ್ಕಿಲ್ಲ. ಮರುದಿನ ಮಧ್ಯಾಹ್ನವೇ ಮಣ್ಣು ಇರಬೇಕೆಂದು ಅಂಬರಾಯ ತಾನೇ ತೀರ್ಮಾನಿಸಿ, ಬೆಳಿಗ್ಗೆ ಆಡಕಿಗೆ ಹೋಗಲು ಟಂಟಂ ಗಾಡಿ ಗೊತ್ತು ಮಾಡಿದ. ಭಜನೆಯವರಿಗೂ ಹೇಳಿ ಕಳಿಸಿದ. ಆಮೇಲೆ ಕಾಶಪ್ಪನ ಮಗಳು ಭಾಗ್ಯಜ್ಯೋತಿಯ ಹತ್ತಿರ ಒಂದು ಫೋಟೋ ಕೇಳಿದ. ಮನೆ ಶಾಂತಿಯ ದಿನ ತೆಗೆದದ್ದು ಒಂದೇ ಇತ್ತು, ಅದರಲ್ಲಿ ಅಕ್ಕ ತಮ್ಮ ಇಬ್ಬರೂ ಒಟ್ಟಿಗೆ ನಿಂತಿದ್ದರು. "ಕಾಶಪ್ಪನವರ ಮನೆಯಲ್ಲಿ ದುಃಖದ ಘಟನೆ, ಓಂ ಶಾಂತಿ" ಎಂದು ಬರೆದು ಅದನ್ನೇ ವಾಟ್ಸಾಪಿನ ತಾಲೂಕು ಗುಂಪಿಗೆ ಹಾಕಿದ. ಯಾರು ಸತ್ತರೆಂದು ಬರೆಯಲಿಲ್ಲ. ಎಲ್ಲರಿಗೂ ಗೊತ್ತಿರುವುದನ್ನು ಬರೆದು ಬೆರಳು ಯಾಕೆ ಸವೆಸಬೇಕು?

ಫೋಟೋ ಆಡಕಿಗೂ ಮುಟ್ಟಿತು. ಆಡಕಿಯವರ ಕಣ್ಣೆದುರಿಗೆ ಸಾಬಮ್ಮ ಗಟ್ಟಿಮುಟ್ಟಾಗಿ ನೀರು ತರುತ್ತಿದ್ದಳು. ಹಾಗಾದರೆ ಫೋಟೋದಲ್ಲಿ ಉಳಿದವನು ಒಬ್ಬನೇ. ತಿಳಿದ ಒಬ್ಬರು ಕಾಶಪ್ಪನಿಗೆ ಫೋನ್ ಮಾಡಿಯೂ ನೋಡಿದರು. ಟಾಕೀಸಿನಲ್ಲಿ ಬಂದ್ ಮಾಡಿದ್ದು ಹಾಗೇ ಇತ್ತು, ಸ್ವಿಚ್ ಆಫ್. ಇದಕ್ಕಿಂತ ಬೇರೆ ಸಾಕ್ಷಿ ಬೇಕಿರಲಿಲ್ಲ.

ಇತ್ತ ಮರೆಮ್ಮ ಟ್ರಂಕು ತೆರೆದು ಕೂತಿದ್ದಳು. ಮದುವೆಯಾದ ಹೆಣ್ಣುಮಗಳು ಸತ್ತರೆ ಅವಳ ಮೈಮೇಲೆ ಹೊದಿಸಲು ತವರಿನಿಂದ ಹೊಸ ಸೀರೆ ಹೋಗಬೇಕು. ತಿರುಗುವ ಸೀರೆಗಳನ್ನೆಲ್ಲ ಅವಳು ಬದಿಗೆ ಸರಿಸಿದಳು. ತಳದಿಂದ ಒಂದು ಇಳಕಲ್ ಸೀರೆ ತೆಗೆದಳು. ಮಗಳ ಮದುವೆಯಲ್ಲಿ ತಾನು ಉಡಲೆಂದು ಮಡಿಕೆ ಮುರಿಯದೆ ಇಟ್ಟುಕೊಂಡಿದ್ದ ಸೀರೆ ಅದು.

"ಮರೆಮ್ಮ, ಅಕ್ಕ ಇದ್ದಾಳ," ಎಂದ ಕಾಶಪ್ಪ ಬಾಗಿಲಲ್ಲಿ ನಿಂತು.

"ನನ್ನ ಪಾಲಿಗಿ ಯಾವಾಗೂ ಇರತಾಳ್ರಿ," ಎಂದು ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಬೆಳಿಗ್ಗೆ ಟಂಟಂ ಬಾಗಿಲಿಗೆ ಬಂತು. ಭಜನೆಯವರು ತಾಳ ಹಿಡಿದು ಕಟ್ಟೆಯ ಮೇಲೆ ಕೂತರು. ಅಂಬರಾಯ ಒಂದು ದೊಡ್ಡ ಚೆಂಡುಹೂವಿನ ಹಾರ ತಂದು ಹಿಡಿದುಕೋ ಎಂದು ಕಾಶಪ್ಪನ ಕೈಗೆ ಕೊಟ್ಟ. ಕಾಶಪ್ಪ ಹಿಡಿದುಕೊಂಡ. ಬೇಡ ಅನ್ನುವ ಶಕ್ತಿ ಅವನಲ್ಲಿ ಉಳಿದಿರಲಿಲ್ಲ. ಆಡಕಿಗೆ ಹೋಗಿ, ಬದುಕಿರುವ ಅಕ್ಕನ ಮುಂದೆ ಭಜನೆಯವರನ್ನು ಇಳಿಸಿ ಏನು ಹೇಳಲಿ ಎಂದು ರಾತ್ರಿಯೆಲ್ಲ ಯೋಚಿಸಿ ಅವನ ತಲೆ ಬರಿದಾಗಿತ್ತು.

ಆಗ ಓಣಿಯ ಬಾಯಲ್ಲಿ ಒಂದು ಅಳು ಎದ್ದಿತು. ಸಾವಿಗೆ ಬರುವವರು ಅಲ್ಲಿಂದಲೇ ಅಳುತ್ತ ಬರುವುದು ವಾಡಿಕೆ. "ತಮ್ಮಾ, ನನ್ನ ಕೈಗೂಸೇ. ಒಂದು ಸೀರಿ ಸಲುವಾಗಿ ನಿನ್ನ ಮಾರಿ ನೋಡದಂಗಾದೆನಲ್ಲೋ ತಮ್ಮಾ." ಮುಖದ ಮೇಲೆ ಸೆರಗೆಳೆದುಕೊಂಡು ಬಂದ ಸಾಬಮ್ಮ, ಹಾರ ಹಿಡಿದು ನಿಂತ ಕಾಶಪ್ಪನ ಪಕ್ಕದಿಂದಲೇ ಹಾದು ಒಳಗೆ ಹೋದಳು. ಎಂಟು ವರ್ಷದ ಮೇಲೆ ಹೊಸ್ತಿಲು ತುಳಿದಳು.

ಒಳಗೆ ಮರೆಮ್ಮ ತೊಡೆಯ ಮೇಲೆ ಇಳಕಲ್ ಸೀರೆ ಇಟ್ಟುಕೊಂಡು ಕೂತಿದ್ದಳು. ಅಳುತ್ತ ಬಂದವರನ್ನು ತಬ್ಬಿಕೊಂಡು ಅಳಬೇಕು, ಬಂದವರು ಯಾರೆಂದು ನೋಡುವುದು ಆಮೇಲೆ. ಇಬ್ಬರೂ ಕೊರಳಿಗೆ ಕೊರಳು ಹಾಕಿದರು. ಒಬ್ಬಳು "ಯಕ್ಕಾ" ಎಂದಳು, ಇನ್ನೊಬ್ಬಳು "ತಮ್ಮಾ" ಎಂದಳು. ಸ್ವಲ್ಪ ಹೊತ್ತು ಎರಡೂ ರಾಗ ಸರಿಯಾಗಿಯೇ ಕೂಡಿ ನಡೆದವು. ಆಮೇಲೆ ಮರೆಮ್ಮನ ದನಿ ಮೆಲ್ಲಗೆ ಇಳಿಯಿತು. ತಾನು ತಬ್ಬಿಕೊಂಡು ಅಳುತ್ತಿರುವುದು ಸತ್ತವಳನ್ನೇ ಎಂದು ಅವಳಿಗೆ ಗೊತ್ತಾಯಿತು.

"ನನ್ನ ತಮ್ಮನ್ನ ಎಲ್ಲಿ ಮಲಗಿಸೀರಿ?" ಎಂದು ಕೇಳಿದಳು ಸಾಬಮ್ಮ.

"ಅಕ್ಕಾ, ನಾ ಇಲ್ಲೇ ಇದ್ದೀನಿ," ಎಂದ ಕಾಶಪ್ಪ ಬಾಗಿಲಿನಿಂದ. ಹಾರ ಇನ್ನೂ ಕೈಯಲ್ಲೇ ಇತ್ತು.

ಸತ್ತವರಿಬ್ಬರೂ ಬದುಕಿದ್ದಾರೆಂದು ಯಾರಾದರೂ ಸಂತೋಷಪಟ್ಟರೇ? ಇಲ್ಲ. ಅಂಬರಾಯನಂತೂ ಉರಿದುಬಿದ್ದ. "ಹಂಗಾರ ಸತ್ತೋರು ಯಾರು? ಟಂಟಂ ಬಂದು ನಿಂತದ. ಭಜನಿ ಮಂದಿ ಉಪವಾಸ ಬಂದಾರ. ಯಾರಾದರೂ ಒಬ್ಬರು ಸತ್ತಿರಬೇಕಲ್ಲಪ್ಪ."

ಕಾಶಪ್ಪ ಹಾರವನ್ನು ನೆಲಕ್ಕಿಟ್ಟ. ಇನ್ನು ಮುಚ್ಚಿಡಲು ಏನೂ ಇರಲಿಲ್ಲ. ಎಲ್ಲರ ನಡುವೆ ನಿಂತು ಸಿನೆಮಾ ಹೇಳಿದ. ತೊಗರಿ ಹೂವಿನ ಹಳದಿ ಹೇಳಿದ. ಬೆಳಗಿನ ಮಂಜಿನಲ್ಲಿ ಆ ಹೆಂಗಸು ಬರುವುದು ಹೇಳಿದ. ಮೊದಲು ಗೊಣಗುತ್ತಿದ್ದ ಜನ ನಿಧಾನಕ್ಕೆ ಹತ್ತಿರ ಸರಿದು ಕೂತರು. "ಆಮ್ಯಾಲ?" ಎಂದಳು ಸುಗರಾಬಿ.

"ಆಮ್ಯಾಲ ಒಂದಿನ ಮನ್ಯಾಗ ಹಿಟ್ಟಿರಾಂಗಿಲ್ಲ. ಇದ್ದೊಂದು ರೊಟ್ಟಿ ತಮ್ಮಗ ಕೊಡತಾಳ. ತಾ ಒಳಗ ಹೋಗಿ, ಹಿಟ್ಟಿನ ಪರಾತ ತೊಳದು ಆ ನೀರು ಕುಡದು, ಸೆರಗಿಲೆ ಬಾಯಿ ಒರಸಗೋತ ಹೊರಗ ಬರತಾಳ. ಹೊಟ್ಟಿ ತುಂಬ ಉಂಡೋರು ಬಂದಂಗ. ತಮ್ಮಗ ಗೊತ್ತೇ ಆಗಾಂಗಿಲ್ಲ. ನೋಡೋ ಮಂದಿಗಷ್ಟೇ ಗೊತ್ತಾಗತಾದ." ಅವನು ಅಕ್ಕನ ಮುಖ ನೋಡಿದ.

ಸಾಬಮ್ಮ ಮುಖದ ಮೇಲಿನ ಸೆರಗು ಹಿಂದಕ್ಕೆ ಸರಿಸಿದಳು. "ಚೊಲೋ ಪಾರ್ಟ್ ಮಾಡ್ಯಾಳೇನು?"

"ಭಾಳ ಚೊಲೋ ಮಾಡ್ಯಾಳಕ್ಕ."

"ನಾನೂ ಚೊಲೋ ಮಾಡಿದ್ದೆ ಹಂಗಾರ. ನಿನಗ ಗೊತ್ತೇ ಆಗಿದ್ದಿಲ್ಲ." ಅವಳು ಎದ್ದು ನಿಂತಳು. "ಆಕಿಗಿ ಊರ ಮಂದಿ ಕೂಡೂ ಹಂಗ ಅತ್ತಿ. ನಾ ಸೇಡಂ ಬಸ್ಸು ಬಂದಾಗೊಮ್ಮಿ ಬಾಗಿಲಿಗಿ ಬಂದು ನಿಂದರತಿದ್ದೆ ತಮ್ಮ. ಏನು ಮಾಡೂದು, ನಾ ಸಿನೆಮಾದಾಗ ಇದ್ದಿದ್ದಿಲ್ಲ."

ಮರೆಮ್ಮ ತಡವರಿಸುತ್ತ ಇಳಕಲ್ ಸೀರೆಯನ್ನು ಅವಳ ಕಡೆ ಚಾಚಿದಳು. "ಏ, ಬ್ಯಾಡ. ಹೆಣಕ್ಕಂತ ತಗದದ್ದು ಜೀವ ಇದ್ದೋರಿಗಿ ಕೊಡಬಾರದು," ಎಂದು ಅಂಬರಾಯ ತಡೆದ. ಇಂಥ ವಿಷಯದಲ್ಲಿ ಅವನ ಮಾತು ಮೀರುವವರಿಲ್ಲ. ಮರೆಮ್ಮನ ಕೈ ಹಿಂದಕ್ಕೆ ಬಂತು. ಆ ಕೈ ಹಿಂದಕ್ಕೆ ಹೋದದ್ದನ್ನು ಸಾಬಮ್ಮ ನೋಡಿದಳು. ನೀರನ್ನೂ ಕುಡಿಯದೆ, ಹೋಗಿ ಬರುತ್ತೇನೆ ಎಂದೂ ಹೇಳದೆ ಮೆಟ್ಟಿಲಿಳಿದಳು.

ಜನ ಚದುರಿದ ಮೇಲೆ ಮರೆಮ್ಮ ಸೀರೆಯನ್ನು ಗಂಡನ ಕೈಗೆ ತುರುಕಿದಳು. "ಅಂವನ ಮಾತೇನು ಕೇಳತೀರಿ, ಲಗೂ ಓಡ್ರಿ. ಬಸ್ಸು ಬಿಡತಾದ."

ಕಾಶಪ್ಪ ಓಡಿದ. ಆಡಕಿ ಬಸ್ಸು ಹೊರಡಲು ಗುರುಗುಡುತ್ತಿತ್ತು. ಕಿಡಕಿಯ ಪಕ್ಕದಲ್ಲಿ ಸಾಬಮ್ಮ ಕೂತಿದ್ದಳು.

"ಅಕ್ಕಾ, ತಗೋ. ಹೊಸಾದು. ಯಾರೂ ಕೊಟ್ಟಿದ್ದಲ್ಲ, ಎಲ್ಲೂ ತಿರಗಿದ್ದಲ್ಲ."

ಸಾಬಮ್ಮ ತೆಗೆದುಕೊಂಡಳು. ಮಡಿಕೆಯನ್ನು ಒಂದಿಷ್ಟು ಬಿಚ್ಚಿ ಸೆರಗಿನ ತುದಿ ನೋಡಿದಳು. ಕಲೆ ಇರಲಿಲ್ಲ. ಅಂಗೈಯಿಂದ ಸವರಿ, "ಚಂದ ಅದ," ಎಂದಳು. ಆಮೇಲೆ ಹಾಗೇ ಮಡಚಿ ಕಿಡಕಿಯಿಂದ ಅವನ ಕೈಗೆ ಮರಳಿ ಇಟ್ಟಳು.

"ಇಟ್ಟಿರು. ನಾ ಖರೇ ಹೋದ ದಿನ ತಗೊಂಡು ಬಾ. ಅವತ್ತ ತಿರಗಿ ಕೊಡಾಕ ನನ್ನ ಕೈಲಿ ಆಗಾಂಗಿಲ್ಲ."

ಬಸ್ಸು ಹೋಯಿತು. ಎದುರಿನ ಟಾಕೀಸಿನ ಗೋಡೆಗೆ ಏಣಿ ಹಾಕಿ, ತೊಗರಿ ಹೊಲದ ಮೇಲೆ ಮಚ್ಚು ಹಿಡಿದ ಹೊಸ ಹೀರೋನನ್ನು ಅಂಟಿಸುತ್ತಿದ್ದರು. ಹೆಂಗಸಿನ ಬೆನ್ನು ಅರ್ಧ ಮುಚ್ಚಿಹೋಗಿತ್ತು. ಕಾಶಪ್ಪ ಚಹಾದಂಗಡಿಯ ಬೆಂಚಿನ ಮೇಲೆ ಸೀರೆ ತೊಡೆಯ ಮೇಲಿಟ್ಟುಕೊಂಡು ಕೂತ. ಜಗದೇವಪ್ಪ ಬಸಿಗೆ ಚಹಾ ಸುರಿದು ಅವನ ಮುಂದೆ ಸರಿಸಿದ.

"ಪಿಕ್ಚರ್ ಹೆಂಗಿತ್ತೋ? ತಿಳಿಸಿ ಹೇಳು ಅಂದಿದ್ದೆ."

"ಚಂದ ಅದ," ಎಂದ ಕಾಶಪ್ಪ. "ಆದ್ರ ಅಕ್ಕ ಇದ್ದಾಂವ ನೋಡಬಾರದು."